ಇಂಗ್ಲಿಷ್ ಅನುವಾದದಲ್ಲಿ ಕಾಲ ಮತ್ತು ಪದದ ಆಯ್ಕೆ: ಲುಂಡ್‌ನ ಅಧ್ಯಯನ ಪರಂಪರೆ

ಬೇರೊಂದು ಭಾಷೆಯ ವಾಕ್ಯವನ್ನು ಇಂಗ್ಲಿಷ್‌ಗೆ ತರುವಾಗ ತಪ್ಪು ಹೆಚ್ಚಾಗಿ ಎರಡು ಕಡೆ ನುಸುಳುತ್ತದೆ: ಕ್ರಿಯಾಪದದ ಕಾಲರೂಪದಲ್ಲಿ ಮತ್ತು ಪದದ ಆಯ್ಕೆಯಲ್ಲಿ. ಹಿಂದಿಯಿಂದ ಅನುವಾದಿಸುವವರು ಒಂದು ಬಗೆಯಲ್ಲಿ ಎಡವಿದರೆ ಸ್ವೀಡಿಷ್‌ನಿಂದ ಅನುವಾದಿಸುವವರು ಎಡವುವುದು ಇನ್ನೊಂದು ಬಗೆಯಲ್ಲಿ. ಈ ವ್ಯತ್ಯಾಸ ಆಕಸ್ಮಿಕವಲ್ಲ, ಮೂಲ ಭಾಷೆ ಕಾಲವನ್ನು ಹೇಗೆ ವಿಂಗಡಿಸುತ್ತದೆ ಎಂಬುದನ್ನು ಅದು ಅನುಸರಿಸುತ್ತದೆ. ಇದನ್ನು ಊಹೆಗೆ ಬಿಡದೆ, ನಿಜವಾದ ಬರಹಗಳನ್ನೂ ಅನುವಾದಗಳನ್ನೂ ಕಲೆಹಾಕಿ ಪರಿಶೀಲಿಸಿದ ಕೇಂದ್ರಗಳಲ್ಲಿ ದಕ್ಷಿಣ ಸ್ವೀಡನ್ನಿನ ಲುಂಡ್ ಪ್ರಮುಖವಾದುದು.

ಲುಂಡ್ ವಿಶ್ವವಿದ್ಯಾಲಯ ಸ್ಥಾಪನೆಯಾದದ್ದು 1666ರಲ್ಲಿ. ಅಲ್ಲಿನ ಇಂಗ್ಲಿಷ್ ಅಧ್ಯಯನಕ್ಕೆ ಹೆಸರು ತಂದ ಐಲರ್ಟ್ ಎಕ್ವಾಲ್ 1933ರಲ್ಲಿ 'ಲುಂಡ್ ಸ್ಟಡೀಸ್ ಇನ್ ಇಂಗ್ಲಿಷ್' ಗ್ರಂಥಮಾಲೆಯನ್ನು ಆರಂಭಿಸಿದರು. 1970ರಲ್ಲಿ ಯಾನ್ ಸ್ವಾರ್ಟ್‌ವಿಕ್ ಇಂಗ್ಲಿಷ್ ಪ್ರಾಧ್ಯಾಪಕರಾಗಿ ಬಂದ ಮೇಲೆ ಅಧ್ಯಯನದ ಒತ್ತು ಜೀವಂತ ಬಳಕೆಯ ಕಡೆಗೆ ತಿರುಗಿತು. ಇಂದಿಗೂ ಪ್ರಮಾಣವೆನಿಸಿರುವ 1985ರ ಬೃಹತ್ ಇಂಗ್ಲಿಷ್ ವ್ಯಾಕರಣದ ನಾಲ್ವರು ಲೇಖಕರಲ್ಲಿ ಅವರೊಬ್ಬರು. ಲಂಡನ್ನಿನಲ್ಲಿ ಧ್ವನಿಮುದ್ರಿಸಿದ ಆಡುಮಾತನ್ನು ಲುಂಡ್‌ನಲ್ಲಿ ಕಂಪ್ಯೂಟರಿಗೆ ಅಳವಡಿಸುವ ಕೆಲಸ 1975ರಲ್ಲಿ ಶುರುವಾಯಿತು. ತಲಾ 5,000 ಪದಗಳ 100 ಪಠ್ಯಗಳುಳ್ಳ ಆ ಸಂಗ್ರಹವೇ ಲಂಡನ್–ಲುಂಡ್ ಕಾರ್ಪಸ್.

ಅನುವಾದಕ್ಕೆ ನೇರವಾಗಿ ಸಂಬಂಧಿಸಿದ ಮೊದಲ ಹೆಜ್ಜೆ 1972ರಲ್ಲಿ ಲುಂಡ್‌ನಲ್ಲಿ ನಡೆದ ದೋಷ ವಿಶ್ಲೇಷಣೆಯ ವಿಚಾರ ಸಂಕಿರಣ. ಅದರ ಪ್ರಬಂಧಗಳನ್ನು ಸ್ವಾರ್ಟ್‌ವಿಕ್ ಮರುವರ್ಷ 'ಎರಾಟಾ' ಎಂಬ ಹೆಸರಿನಲ್ಲಿ ಸಂಪಾದಿಸಿದರು. ಅಲ್ಲಿಯವರೆಗೆ ರಾಬರ್ಟ್ ಲಾಡೊ 1957ರಲ್ಲಿ ಮಂಡಿಸಿದ ವಿಚಾರದ ಪ್ರಭಾವವೇ ಹೆಚ್ಚಾಗಿತ್ತು: ಎರಡು ವ್ಯಾಕರಣಗಳನ್ನು ಎದುರುಬದುರು ಇಟ್ಟರೆ ಕಲಿಯುವವರು ಎಲ್ಲಿ ತಪ್ಪುತ್ತಾರೆಂದು ಮೊದಲೇ ಹೇಳಬಹುದು. ಪಿಟ್ ಕಾರ್ಡರ್ 1967ರಲ್ಲಿ ಇದನ್ನು ತಿರುಗಿಸಿ ನೋಡಿದರು. ತಪ್ಪುಗಳನ್ನೇ ಕೂಡಿಸಿ ಓದಿದರೆ ಕಲಿಯುವವರ ಮನಸ್ಸಿನಲ್ಲಿರುವ ನಿಯಮ ಕಾಣುತ್ತದೆ ಎಂದರು. ಲುಂಡ್ ಸಂಕಿರಣ ಈ ಎರಡನೆಯ ದಾರಿಯದು. ಅದರಲ್ಲಿ ಸ್ಟಿಗ್ ಯೋಹಾನ್ಸನ್ ಎತ್ತಿದ ಪ್ರಶ್ನೆ ಇಂದಿಗೂ ಮೌಲ್ಯಮಾಪಕರಿಗೆ ಬೇಕಾದದ್ದು: ಎಲ್ಲ ತಪ್ಪಿಗೂ ಒಂದೇ ತೂಕವೇ? ವಾಕ್ಯ ಅರ್ಥವಾಗುತ್ತದೆಯೇ, ಕೇಳುವವರಿಗೆ ಎಷ್ಟು ಕಿರಿಕಿರಿಯಾಗುತ್ತದೆ ಎಂಬುದರ ಮೇಲೆ ತಪ್ಪಿನ ಗುರುತ್ವವನ್ನು ಅಳೆಯಬೇಕೆಂಬುದು ಅವರ ನಿಲುವು.

ಕಾಲದ ತೊಡಕನ್ನು ಒಂದು ಸನ್ನಿವೇಶದಲ್ಲೇ ನೋಡಬಹುದು. ಬಸ್ಸಿಗಾಗಿ ಕಾಯುತ್ತಿರುವವರು ಸ್ವೀಡಿಷ್‌ನಲ್ಲಿ 'ಯಾ ವೆಂತಾರ್' ಎನ್ನುತ್ತಾರೆ. ದಿನವೂ ಕಾಯುವುದಕ್ಕೂ ಈ ಕ್ಷಣ ಕಾಯುತ್ತಿರುವುದಕ್ಕೂ ರೂಪ ಒಂದೇ. ಇಂಗ್ಲಿಷ್‌ನಲ್ಲಿ ಇವು 'ಐ ವೇಟ್', 'ಐ ಆ್ಯಮ್ ವೇಟಿಂಗ್' ಎಂದು ಬೇರೆಯಾಗಲೇಬೇಕು. ಹಾಗಾಗಿ ಸ್ವೀಡಿಷರಿಗೆ ಕಷ್ಟವಾಗುವುದು ಇಂಗ್ಲಿಷ್‌ನ 'ಇಂಗ್' ರೂಪ. ಹಿಂದಿಯವರಿಗೆ ಇಲ್ಲಿ ತೊಡಕಿಲ್ಲ. 'ಕರ್ತಾ ಹೂಂ', 'ಕರ್ ರಹಾ ಹೂಂ' ಎಂಬ ಎರಡು ರೂಪಗಳು ಅವರಲ್ಲಿವೆ, ಕನ್ನಡದಲ್ಲಿ 'ಮಾಡುತ್ತೇನೆ', 'ಮಾಡುತ್ತಿದ್ದೇನೆ' ಇರುವಂತೆ. ಆದರೆ ಅದೇ ಬಸ್ ನಿಲ್ದಾಣದಲ್ಲಿ ಒಂದು ಗಂಟೆ ಕಳೆಯಲಿ, ಪರಿಸ್ಥಿತಿ ತಿರುಗುಮುರುಗಾಗುತ್ತದೆ. ಹಿಂದಿಯ 'ಏಕ್ ಘಂಟೇ ಸೇ ಇಂತಜಾರ್ ಕರ್ ರಹಾ ಹೂಂ', ಕನ್ನಡದ 'ಒಂದು ಗಂಟೆಯಿಂದ ಕಾಯುತ್ತಿದ್ದೇನೆ' ಎರಡೂ ವರ್ತಮಾನದಲ್ಲೇ ನಿಲ್ಲುತ್ತವೆ. ಇಂಗ್ಲಿಷ್‌ನವರು ಹಿಂದೆ ಆರಂಭವಾಗಿ ಈಗಿನವರೆಗೆ ಬಂದ ಅವಧಿಯನ್ನು 'ಐ ಹ್ಯಾವ್ ಬೀನ್ ವೇಟಿಂಗ್ ಫಾರ್ ಆ್ಯನ್ ಅವರ್' ಎಂದು ಪರ್ಫೆಕ್ಟ್ ರೂಪದಲ್ಲಿ ಹೇಳುತ್ತಾರೆ. ಭಾರತೀಯರ ಬಾಯಲ್ಲಿ ಅದು 'ಐ ಆ್ಯಮ್ ವೇಟಿಂಗ್ ಸಿನ್ಸ್ ಒನ್ ಅವರ್' ಆಗುವುದು ಇದೇ ಕಾರಣಕ್ಕೆ. ಸ್ವೀಡಿಷರು ಇಲ್ಲಿ ಸಲೀಸಾಗಿ ದಾಟುತ್ತಾರೆ. ಅವರ 'ಯಾ ಹಾರ್ ವೆಂತಾತ್' ಇಂಗ್ಲಿಷ್‌ನಂತೆಯೇ ಪರ್ಫೆಕ್ಟ್ ರೂಪ. ಯೋಹಾನ್ಸನ್ನರ ತಕ್ಕಡಿಯಲ್ಲಿ ಭಾರತೀಯರ ಈ ತಪ್ಪು ಹಗುರವಾದದ್ದು. ಕಿವಿಗೆ ತಟ್ಟುತ್ತದೆ, ಅರ್ಥ ಕೆಡುವುದಿಲ್ಲ.

ಸ್ವೀಡಿಷ್‌ನಲ್ಲಿ 'ಇಂಗ್' ಇಲ್ಲವೆಂದ ಮಾತ್ರಕ್ಕೆ ಆ ಅರ್ಥವನ್ನು ಹೇಳಲು ದಾರಿಯೇ ಇಲ್ಲವೆಂದಲ್ಲ. 'ಹಾನ್ ಸಿತ್ತೆರ್ ಓ ಲೇಸೆರ್' ಎಂದರೆ ಪದಶಃ 'ಅವನು ಕೂರುತ್ತಾನೆ ಮತ್ತು ಓದುತ್ತಾನೆ'. ಹೇಳಬೇಕಾದದ್ದು ಮಾತ್ರ ಓದುತ್ತಿದ್ದಾನೆ ಎಂಬುದು. ಕನ್ನಡದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ, ಏಕೆಂದರೆ 'ಓದುತ್ತಾ ಕೂತಿದ್ದಾನೆ' ಎಂಬಲ್ಲಿ ಕೂರುವ ಕ್ರಿಯೆ ಹೀಗೆಯೇ ಹಿನ್ನೆಲೆಗೆ ಸರಿದು, ಕೆಲಸ ಸಾಗುತ್ತಲೇ ಇದೆ ಎಂಬುದನ್ನು ಸೂಚಿಸುತ್ತದೆ. ಇಂಗ್ಲಿಷ್‌ಗೆ ತರುವಾಗ ಎರಡೂ ಕ್ರಿಯಾಪದಗಳನ್ನು ಉಳಿಸಿಕೊಳ್ಳಬೇಕಿಲ್ಲ. ಎಷ್ಟೋ ವೇಳೆ 'ಹಿ ಈಸ್ ರೀಡಿಂಗ್' ಸಾಕು.

ರೂಪವನ್ನು ನಂಬಿ ಮೋಸಹೋಗುವ ಇನ್ನೊಂದು ಜಾಗ ಹಿಂದಿಯ 'ಅಭೀ ಆಯಾ'. ರೂಪ ಭೂತಕಾಲದ್ದು, ಹೇಳುವವರು ಇನ್ನೂ ಹೊರಟಿಲ್ಲ. ಒಳಗಿನಿಂದ ಕರೆದಾಗ 'ಬಂದೆ, ಬಂದೆ' ಎನ್ನುವ ಕನ್ನಡಿಗರಿಗೆ ಇದನ್ನು ವಿವರಿಸಬೇಕಿಲ್ಲ. ಇಂಗ್ಲಿಷ್‌ನಲ್ಲಿ ಅದು 'ಐ ಆ್ಯಮ್ ಕಮಿಂಗ್'. ಹಿಂದಿಯ 'ಕಲ್' ನಿನ್ನೆಯೋ ನಾಳೆಯೋ ಎಂದು ತಿಳಿಯಬೇಕಾದರೆ ಮಾತ್ರ ಕ್ರಿಯಾಪದದ ಕೊನೆಯನ್ನೇ ನೋಡಬೇಕು. ಒಂದು ಕಡೆ ಕಾಲರೂಪ ದಾರಿ ತಪ್ಪಿಸುತ್ತದೆ, ಇನ್ನೊಂದು ಕಡೆ ಅದೊಂದೇ ದಾರಿ ತೋರುತ್ತದೆ.

ಕಚೇರಿಯ ಭಾಷೆಯಲ್ಲಿ ಈ ತೊಡಕಿಗೆ ಬೆಲೆ ತೆರಬೇಕಾಗಬಹುದು. 1963ರ ರಾಜಭಾಷಾ ಕಾಯ್ದೆಯ 3(3)ನೇ ಉಪವಿಧಿಯಂತೆ ಕೇಂದ್ರ ಸರ್ಕಾರದ ಅಧಿಸೂಚನೆ, ಸಾಮಾನ್ಯ ಆದೇಶ ಮುಂತಾದವು ಹಿಂದಿ ಮತ್ತು ಇಂಗ್ಲಿಷ್ ಎರಡರಲ್ಲೂ ಹೊರಡಬೇಕು. ಕೇಂದ್ರದ ಕಚೇರಿಗಳ ಅನುವಾದ ಕೆಲಸಕ್ಕಾಗಿ 1971ರಲ್ಲಿ ಕೇಂದ್ರೀಯ ಅನುವಾದ ಬ್ಯೂರೋ ಸ್ಥಾಪನೆಯಾಯಿತು. ಅಧಿಸೂಚನೆಯ ಹಿಂದಿ 'ಸೂಚಿತ್ ಕಿಯಾ ಜಾತಾ ಹೈ' ಎಂದು ವರ್ತಮಾನದಲ್ಲಿರುತ್ತದೆ, ಕನ್ನಡದ ಸುತ್ತೋಲೆ 'ಈ ಮೂಲಕ ತಿಳಿಸಲಾಗಿದೆ' ಎನ್ನುತ್ತದೆ. ಇಂಗ್ಲಿಷ್‌ನಲ್ಲಿ ಈ ಮಾತು ಹೇಳಿದಾಕ್ಷಣ ಜಾರಿಗೆ ಬರುವುದರಿಂದ 'ಈಸ್ ಹಿಯರ್‌ಬೈ ಇನ್‌ಫಾರ್ಮ್ಡ್' ಎಂದು ವರ್ತಮಾನದಲ್ಲೇ ಇಡಬೇಕು. ಕನ್ನಡದ ರೂಪವನ್ನು ಹಿಡಿದು 'ಹ್ಯಾಸ್ ಬೀನ್ ಇನ್‌ಫಾರ್ಮ್ಡ್' ಎಂದು ಬರೆದರೆ, ಹಿಂದೆಂದೋ ತಿಳಿಸಿದ್ದಾಗಿದೆ ಎಂದು ಓದುವವರು ಭಾವಿಸುತ್ತಾರೆ.

ಪದದ ಆಯ್ಕೆಯ ತಪ್ಪುಗಳು ಕಾಲದ ತಪ್ಪುಗಳಿಗಿಂತ ಹೆಚ್ಚು ಹಾನಿ ಮಾಡುತ್ತವೆ, ಏಕೆಂದರೆ ವಾಕ್ಯ ಸರಿಯಾಗಿಯೇ ಕಾಣುತ್ತದೆ. ಸ್ವೀಡಿಷ್‌ನ 'ಎವೆಂತುಎಲ್ತ್' ಎಂದರೆ 'ಪ್ರಾಯಶಃ', ಅದರಂತೆಯೇ ಕೇಳಿಸುವ ಇಂಗ್ಲಿಷ್‌ನ 'ಇವೆಂಚುವಲಿ' ಎಂದರೆ 'ಕೊನೆಗೆ'. ಬರಬಹುದು ಎಂದದ್ದು ಬಂದೇ ಬರುತ್ತಾರೆ ಎಂದಾಗಿಬಿಡುತ್ತದೆ. ಬಂಧುವಾಚಕಗಳ ತೊಂದರೆ ಬೇರೆ ತೆರನದು. ಸ್ವೀಡಿಷ್‌ನಲ್ಲಿ ತಂದೆಯ ತಂದೆ 'ಫಾರ್‌ಫಾರ್', ತಾಯಿಯ ತಂದೆ 'ಮೂರ್‌ಫಾರ್', ಹಿಂದಿಯ 'ದಾದಾ', 'ನಾನಾ' ಇದ್ದಂತೆ. ಇಂಗ್ಲಿಷ್‌ನ 'ಗ್ರ್ಯಾಂಡ್‌ಫಾದರ್' ಎರಡನ್ನೂ ಒಂದು ಮಾಡುತ್ತದೆ. ಆಸ್ತಿಯ ವಿಷಯ, ಮನೆತನದ ಜಗಳ ಬರುವ ಕಥೆಯಲ್ಲಿ ಅನುವಾದಕರು ಯಾವ ಕಡೆಯ ಅಜ್ಜ ಎಂಬುದನ್ನು ಬಿಡಿಸಿ ಹೇಳಲೇಬೇಕು. ಹಾಗೆಯೇ 'ಥಿಂಕ್' ಎಂಬ ಒಂದೇ ಇಂಗ್ಲಿಷ್ ಕ್ರಿಯಾಪದದ ಜಾಗದಲ್ಲಿ ಸ್ವೀಡಿಷ್‌ನಲ್ಲಿ ಮೂರಿವೆ: ಹೀಗಿರಬಹುದೆಂದು ನಂಬುವುದಕ್ಕೆ, ಅಭಿಪ್ರಾಯ ಹೇಳುವುದಕ್ಕೆ, ಯೋಚಿಸುವುದಕ್ಕೆ ಬೇರೆ ಬೇರೆ.

ಮೊಯಿರಾ ಲಿನ್ನಾರುಡ್ ಅವರ ಅಧ್ಯಯನ 1986ರಲ್ಲಿ ಲುಂಡ್ ಗ್ರಂಥಮಾಲೆಯಲ್ಲಿ ಬಂತು. ಸ್ವೀಡಿಷ್ ವಿದ್ಯಾರ್ಥಿಗಳ ಇಂಗ್ಲಿಷ್ ಬರಹದಲ್ಲಿ ಪದಸಂಪತ್ತು ಎಷ್ಟು ವೈವಿಧ್ಯವಾಗಿದೆ, ಎಷ್ಟು ಸಾಂದ್ರವಾಗಿದೆ ಎಂಬುದನ್ನು ಅಳೆದು, ಇಂಗ್ಲಿಷ್ ಮನೆಮಾತಿನವರ ಬರಹದ ಜೊತೆ ಅವರು ಹೋಲಿಸಿದರು. ತಪ್ಪೇ ಇಲ್ಲದ ಬರಹದಲ್ಲೂ ಪದಗಳು ಸೊರಗಿರಬಹುದು ಎಂಬುದನ್ನು ದೋಷ ವಿಶ್ಲೇಷಣೆಯೊಂದೇ ತೋರಿಸಲಾರದು, ಈ ಬಗೆಯ ಅಳತೆ ತೋರಿಸಬಲ್ಲದು.

ಅದೇ ವರ್ಷ, ಅನುವಾದ ಸಿದ್ಧಾಂತದ ಬಗ್ಗೆ 1985ರಲ್ಲಿ ಲುಂಡ್‌ನಲ್ಲಿ ನಡೆದ ಸಂಕಿರಣದ ಸಂಪುಟ ಹೊರಬಂತು. ಇಂಗ್ಲಿಷ್‌ನಿಂದ ಸ್ವೀಡಿಷ್‌ಗೆ ಬಂದ ಕಾದಂಬರಿಗಳನ್ನು ಮೂಲ ಸ್ವೀಡಿಷ್ ಕಾದಂಬರಿಗಳ ಜೊತೆಗಿಟ್ಟು ಮಾರ್ಟಿನ್ ಯೆಲ್ಲರ್‌ಸ್ಟಾಮ್ ಬರೆದ ಪ್ರಬಂಧ ಅದರಲ್ಲಿದೆ. ಅನುವಾದದ ಭಾಷೆಯಲ್ಲಿ ಕೆಲವು ಪದಗಳು ಮೂಲ ಬರಹಕ್ಕಿಂತ ಬಹಳ ಹೆಚ್ಚಾಗಿ ಬರುತ್ತವೆ ಎಂದು ಅವರು ತೋರಿಸಿದರು. ಇದು ಕೆಟ್ಟ ಅನುವಾದದ ದೂರಲ್ಲ. ಒಳ್ಳೆಯ ಅನುವಾದದ ಮೇಲೂ ಮೂಲ ಭಾಷೆಯ ನೆರಳು ಬೀಳುತ್ತದೆ, ಅದನ್ನು ಎಣಿಸಿ ನೋಡಬಹುದು ಎಂಬುದು ಅದರ ಸಾರ.

ಈ ಅರಿವು ಮುಂದಿನ ದೊಡ್ಡ ಕೆಲಸವನ್ನು ರೂಪಿಸಿತು. 1994ರ ಮಾರ್ಚ್ 4 ಮತ್ತು 5ರಂದು ಲುಂಡ್‌ನಲ್ಲಿ ಪಠ್ಯಾಧಾರಿತ ಭಾಷಾ ಹೋಲಿಕೆಯ ಸಂಕಿರಣ ನಡೆಯಿತು. ಕಾರಿನ್ ಐಮರ್, ಬೆಂಗ್ಟ್ ಆಲ್ಟೆನ್‌ಬರ್ಗ್ ಮತ್ತು ಯೋಹಾನ್ಸನ್ ಅದರ ಸಂಪುಟವನ್ನು 1996ರಲ್ಲಿ ತಂದರು. ಭಾಷೆಗಳ ಹೋಲಿಕೆ ಮತ್ತು ಕಲಿಯುವವರ ಬರಹ ಎರಡನ್ನೂ ಒಟ್ಟಿಗೆ ಓದಬೇಕೆಂಬ ಸಿಲ್ವಿಯಾನ್ ಗ್ರೇಂಜರ್ ಅವರ ಮಾದರಿ ಬಂದದ್ದು ಆ ಸಂಪುಟದಲ್ಲೇ. ಇದೇ ದಶಕದಲ್ಲಿ ಲುಂಡ್ ಮತ್ತು ಗೋಥೆನ್‌ಬರ್ಗ್ ವಿಶ್ವವಿದ್ಯಾಲಯಗಳು ಸೇರಿ ಇಂಗ್ಲಿಷ್–ಸ್ವೀಡಿಷ್ ಸಮಾಂತರ ಕಾರ್ಪಸ್ ಕಟ್ಟಿದವು. ಅದರ ಗಾತ್ರ ಸುಮಾರು 28 ಲಕ್ಷ ಪದ. ಗಾತ್ರಕ್ಕಿಂತ ಮುಖ್ಯವಾದದ್ದು ಅದರ ವಿನ್ಯಾಸ: ಇಂಗ್ಲಿಷ್ ಮೂಲಗಳೂ ಅವುಗಳ ಸ್ವೀಡಿಷ್ ಅನುವಾದಗಳೂ, ಸ್ವೀಡಿಷ್ ಮೂಲಗಳೂ ಅವುಗಳ ಇಂಗ್ಲಿಷ್ ಅನುವಾದಗಳೂ ವಾಕ್ಯಕ್ಕೆ ವಾಕ್ಯ ಜೋಡಿಸಲ್ಪಟ್ಟಿವೆ. ಹೀಗೆ ಎರಡೂ ದಿಕ್ಕು ಇರುವುದರಿಂದ ಭಾಷೆಯ ಸಹಜ ಬಳಕೆ ಯಾವುದು, ಅನುವಾದದ ನೆರಳು ಯಾವುದು ಎಂದು ಬೇರ್ಪಡಿಸಬಹುದು.

ಇಂಥ ಸಾಮಗ್ರಿಯಿಂದ ಆಲ್ಟೆನ್‌ಬರ್ಗ್ ಒಂದು ಅಳತೆಯನ್ನು ಮುಂದಿಟ್ಟರು. ಎರಡು ಭಾಷೆಗಳ ಒಂದು ಜೊತೆ ಪದಗಳು ಎರಡೂ ದಿಕ್ಕಿನಲ್ಲಿ ಪ್ರತಿ ಬಾರಿಯೂ ಪರಸ್ಪರ ಅನುವಾದವಾಗಿ ಬಂದರೆ 100, ಒಮ್ಮೆಯೂ ಬಾರದಿದ್ದರೆ 0. ನಿಘಂಟಿನಲ್ಲಿ ಸಮಾನಾರ್ಥಕವೆಂದು ಅಕ್ಕಪಕ್ಕ ಕೂತ ಪದಗಳು ನಿಜವಾದ ಬಳಕೆಯಲ್ಲಿ ಎಷ್ಟರ ಮಟ್ಟಿಗೆ ಒಂದಕ್ಕೊಂದು ಸಲ್ಲುತ್ತವೆ ಎಂಬುದು ಇದರಿಂದ ಗೊತ್ತಾಗುತ್ತದೆ. ಅನುವಾದ ಕಲಿಸುವವರ ಕೈಗೆ ಸಿಕ್ಕ ಸಾಧನಗಳಲ್ಲಿ ಇದು ಅತ್ಯಂತ ಉಪಯುಕ್ತವಾದದ್ದು.

ಭಾರತದಲ್ಲಿ ಭಾಷೆಗಳ ಪಠ್ಯಸಂಗ್ರಹಕ್ಕೆ ನೆಲೆ ಒದಗಿಸಿದ್ದು 1969ರಲ್ಲಿ ಮೈಸೂರಿನಲ್ಲಿ ಸ್ಥಾಪನೆಯಾದ ಭಾರತೀಯ ಭಾಷಾ ಸಂಸ್ಥಾನ. ಯಂತ್ರಾನುವಾದಕ್ಕಾಗಿ 2021ರಲ್ಲಿ ಪ್ರಕಟವಾದ 'ಸಮಾನಾಂತರ್' ಸಂಗ್ರಹದಲ್ಲಿ ಹಿಂದಿ, ಕನ್ನಡ ಸೇರಿ 11 ಭಾರತೀಯ ಭಾಷೆಗಳ ವಾಕ್ಯಗಳು ಇಂಗ್ಲಿಷ್ ವಾಕ್ಯಗಳ ಜೊತೆಗಿವೆ. ಅಂತಹ ಜೋಡಿಗಳ ಸಂಖ್ಯೆ ಕೋಟಿಗಳಲ್ಲಿದ್ದು, ಬಹುಪಾಲು ಅಂತರ್ಜಾಲದಿಂದ ಹೆಕ್ಕಿದವು. ಹೀಗೆ ಹೆಕ್ಕಿದ ಜೋಡಿಯಲ್ಲಿ ಮೂಲ ಯಾವುದು, ಅನುವಾದ ಯಾವುದು ಎಂಬ ಗುರುತು ಸಾಮಾನ್ಯವಾಗಿ ಉಳಿದಿರುವುದಿಲ್ಲ. ಹಿಂದಿಯ ಅಥವಾ ಕನ್ನಡದ ಒಂದು ಕಾಲರೂಪ ಸಹಜವಾಗಿ ಬಂದದ್ದೋ ಇಂಗ್ಲಿಷ್‌ನ ನೆರಳೋ ಎಂದು ತೀರ್ಮಾನಿಸಲು ಲುಂಡ್ ಮಾದರಿಯ ಎರಡೂ ದಿಕ್ಕಿನ ಸಂಗ್ರಹವೇ ಬೇಕಾಗುತ್ತದೆ.