ಠಾಣೆಯೂ ಪಾಠಶಾಲೆಯೂ

ಕಾಳಿದಾಸನ ಶಾಕುಂತಲದ ಆರನೆಯ ಅಂಕದ ಮೊದಲಲ್ಲಿ, ರಾಜಮುದ್ರಿಕೆಯೊಡನೆ ಸಿಕ್ಕಿಬಿದ್ದ ಬಡ ಬೆಸ್ತನೊಬ್ಬನನ್ನು ಇಬ್ಬರು ಕಾವಲಿನವರು ಕೈಕಟ್ಟಿ ಹೊಡೆಯುತ್ತ ಕರೆತರುವರಷ್ಟೆ. ಅವನು ನಿರಪರಾಧಿಯೆಂದು ತಿಳಿದು ಅರಸನ ಬಹುಮಾನವೂ ದೊರೆತೊಡನೆ, ಅವರೇ ಅದರಲ್ಲಿ ಅರ್ಧವನ್ನು ಪಡೆದು ಅವನೊಡನೆ ಹೆಂಡದಂಗಡಿಗೆ ನಡೆಯುವರು. ಪ್ರೇಕ್ಷಕರು ನಗುವರು, ರಕ್ಷಕನಿಗೇ ಅಂಜುವ ಪ್ರಜೆಯ ಹಳೆಯ ಅನುಭವವೂ ಆ ನಗೆಯೊಳಗಿದೆ.

1857ರ ದಂಗೆಯ ಬಳಿಕ ಬಂದ 1861ರ ಪೋಲೀಸು ಕಾಯಿದೆಯು ಈ ಅಂಜಿಕೆಯನ್ನು ಕಳೆಯಲಿಲ್ಲ. ಅದಕ್ಕೆ ಮಾದರಿ ಐರ್ಲೆಂಡಿನ ಪಡೆ; ಮುಖ್ಯೋದ್ದೇಶ ಆಳುವವರ ಭದ್ರತೆ. ಪೋಲೀಸರನ್ನು ಜನರು ಲಂಚಕೋರರೆಂದೂ ಪೀಡಕರೆಂದೂ ಭಾವಿಸಿರುವರೆಂದು, ಸರ್ಕಾರವೇ ನೇಮಿಸಿದ 1902-03ರ ಆಯೋಗವು ಬರೆಯಬೇಕಾಯಿತು. ಹಠಮಾರಿ ಮಗುವನ್ನು ಪೋಲೀಸಿನವನ ಹೆಸರು ಹೇಳಿ ಸುಮ್ಮನಾಗಿಸುವ ಪದ್ಧತಿಯಾದರೋ ನಮ್ಮ ಮನೆಗಳಿಂದ ಇನ್ನೂ ಹೋಗಿಲ್ಲ.

ಇಂಥ ಪೂರ್ವಚರಿತ್ರೆಯುಳ್ಳ ಇಲಾಖೆಯು 2010ರ ಆಗಸ್ಟ್ 2ರಂದು ಕೇರಳದಲ್ಲಿ 127 ಶಾಲೆಗಳ ಬಾಗಿಲನ್ನು ತಟ್ಟಿತು. ವಿದ್ಯಾರ್ಥಿ ಪೋಲೀಸ್ ಕೆಡೆಟ್ ಯೋಜನೆಯೆಂಬ ಈ ಏರ್ಪಾಟು ಗೃಹ ಮತ್ತು ಶಿಕ್ಷಣ ಇಲಾಖೆಗಳ ಕೂಡುಕಾರ್ಯ. ಎಂಟು, ಒಂಬತ್ತನೆಯ ತರಗತಿಗಳ ಬಾಲಕ ಬಾಲಿಕೆಯರು ಖಾಕಿ ತೊಟ್ಟು ಕವಾಯತು ಕಲಿಯುವರು. ವಾಹನ ಸಂಚಾರದ ನಿಯಮ, ಕಾನೂನು, ಮಾದಕವಸ್ತುಗಳ ಹಾನಿ, ಅರಣ್ಯಪಾಲನೆ ಇವುಗಳನ್ನು ಅರಿಯುವರು. ಊರಿನ ಸೇವೆಗೂ ಇಳಿಯುವರು. ಕವಾಯತು ಕಲಿಸುವವರು ಪೋಲೀಸಿನವರು. ಆದರೆ ಮಕ್ಕಳ ಹೊಣೆಯನ್ನು ಹೊತ್ತವರು ತರಬೇತಿ ಪಡೆದ ಅದೇ ಶಾಲೆಯ ಉಪಾಧ್ಯಾಯರು. ಯೋಜನೆಯ ಜೀವಾಳವಿರುವುದು ಇಲ್ಲಿಯೇ. ಉಪಾಧ್ಯಾಯನಿಲ್ಲದ ಕವಾಯತಿನಿಂದ ಖಾಕಿಯ ಸಂಖ್ಯೆ ಹೆಚ್ಚೀತು, ಅಷ್ಟೆ.

ಕಾನೂನಿನ ಪಾಠವು ಕವಾಯತಿನಷ್ಟು ಸುಲಭವಾದುದಲ್ಲ. ಬಂಧಿತನನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೆಯ ವಿಧಿ ಹೇಳುವುದು. ಇದನ್ನು ಕಲಿತ ಹದಿನಾಲ್ಕರ ಹುಡುಗಿಯು ಠಾಣೆಯನ್ನು ನೋಡಹೋದಾಗ, ಬೆಂಚಿನ ಮೇಲೆ ಕುಳಿತವನು ಎಂದಿನಿಂದ ಇಲ್ಲಿರುವನೆಂದು ಕೇಳಿಯಾಳು. ಆ ಪ್ರಶ್ನೆಗೆ ಗದರಿಕೆ ದೊರೆತರೆ ಎರಡು ವರ್ಷಗಳ ಶಿಕ್ಷಣ ಅಲ್ಲಿಗೇ ಮುಗಿಯಿತು. ಉತ್ತರ ದೊರೆತರೆ ಠಾಣೆಯೂ ಒಂದಿಷ್ಟು ಕಲಿತಂತಾಯಿತು.

2018ರ ಜುಲೈ 21ರಂದು ಗುರುಗ್ರಾಮದಲ್ಲಿ ಕೇಂದ್ರ ಗೃಹಮಂತ್ರಿ ರಾಜನಾಥ ಸಿಂಗರು ಇದನ್ನು ದೇಶಕ್ಕೆಲ್ಲ ವಿಸ್ತರಿಸಿದರು. ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲವೆಂದು ಆಗ ಸಾರಲಾಯಿತು, ಇದು ಮೆಚ್ಚತಕ್ಕುದು. ತಿಂಗಳಿಗೆ ಒಂದೇ ತರಗತಿಯೆಂದೂ ಗೊತ್ತುಮಾಡಲಾಯಿತು. ಹುಡುಗಿಯ ಪ್ರಶ್ನೆ ತರಗತಿಯ ಮರುದಿನ ಹುಟ್ಟಿದರೆ, ಉತ್ತರಕ್ಕೆ ಇಪ್ಪತ್ತೊಂಬತ್ತು ದಿನ ಕಾಯಬೇಕು.