ಬೆಳಗುವ ಅಣು, ಮರೆತುಹೋದ ದ್ರಾವಕ



ಕೊಳ್ಳೇಗಾಲದಲ್ಲಿ ರೇಷ್ಮೆ ನೂಲು ಬಿಚ್ಚುವವರನ್ನು ಒಮ್ಮೆ ಕೇಳಿ ನೋಡಿ. ಗೂಡು ಎಷ್ಟೇ ಒಳ್ಳೆಯದಿರಲಿ, ಬೇಯಿಸುವ ನೀರು ಸರಿಯಿಲ್ಲದಿದ್ದರೆ ಎಳೆ ಚೆನ್ನಾಗಿ ಬಿಚ್ಚಿಕೊಳ್ಳುವುದಿಲ್ಲ. ರಸಾಯನಶಾಸ್ತ್ರಕ್ಕೂ ಈ ಮಾತು ಅನ್ವಯಿಸುತ್ತದೆ. ಆದರೆ ನಮ್ಮ ವಿದ್ಯಾರ್ಥಿಗಳು ಪ್ರಯೋಗದ ಪುಸ್ತಕದಲ್ಲಿ ಸಮೀಕರಣ ಬರೆಯುವಾಗ ದ್ರಾವಕವನ್ನು ಬರಿಯ ಪಾತ್ರೆಯಂತೆ ಕಂಡು ಬಿಟ್ಟುಬಿಡುತ್ತಾರೆ. ಬೆಳಕು ಸೂಸುವ ಕ್ರಿಯೆಗಳ ಇತಿಹಾಸ ಈ ತಪ್ಪು ತಿಳಿವಳಿಕೆಯನ್ನು ತಿದ್ದುತ್ತದೆ.

ಮಳೆಗಾಲದ ಆರಂಭದಲ್ಲಿ ಯಳಂದೂರಿನಿಂದ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ದಾರಿಯಲ್ಲಿ, ಇಲ್ಲವೇ ಹನೂರಿನ ತೋಟಗಳ ಬದಿಯಲ್ಲಿ ಮಿಂಚುಹುಳುಗಳನ್ನು ನೀವು ಕಂಡಿರಬಹುದು. ಕೈಯಲ್ಲಿ ಹಿಡಿದರೆ ಬೆಳಕಿದೆ, ಬಿಸಿ ಇಲ್ಲ. ಇಂತಹ ತಣ್ಣನೆಯ ಬೆಳಕಿಗೆ ಗಾಳಿ ಬೇಕೆಂಬುದನ್ನು ಇಂಗ್ಲೆಂಡಿನ ರಾಬರ್ಟ್ ಬಾಯ್ಲ್ 1667ರಲ್ಲಿ ತೋರಿಸಿದರು. ಹೊಳೆಯುವ ಕೊಳೆತ ಮರದ ತುಂಡನ್ನು ಗಾಜಿನ ಪಾತ್ರೆಯಲ್ಲಿಟ್ಟು ಗಾಳಿಯನ್ನು ಹೊರತೆಗೆದಾಗ ಬೆಳಕು ಆರಿತು. ಗಾಳಿ ಬಿಟ್ಟಾಗ ಮತ್ತೆ ಬಂತು. 1880ರ ದಶಕದಲ್ಲಿ ಫ್ರಾನ್ಸಿನ ರಫೇಲ್ ದ್ಯುಬುವಾ ಜೀವಿಗಳ ಬೆಳಕಿಗೆ ಲೂಸಿಫೆರಿನ್ ಎಂಬ ವಸ್ತುವೂ ಲೂಸಿಫೆರೇಸ್ ಎಂಬ ಕಿಣ್ವವೂ ಕಾರಣವೆಂದು ಕಂಡುಕೊಂಡರು. 1888ರಲ್ಲಿ ಜರ್ಮನಿಯ ಐಲ್ಹಾರ್ಡ್ ವೀಡೆಮನ್ ಇಂತಹ ಬೆಳಕಿಗೆ ‘ಲ್ಯೂಮಿನೆಸೆನ್ಸ್’ ಎಂಬ ಹೆಸರನ್ನಿಟ್ಟು, ರಾಸಾಯನಿಕ ಕ್ರಿಯೆಯಿಂದ ಹುಟ್ಟುವ ಬೆಳಕನ್ನು ಅದರಲ್ಲಿ ಒಂದು ಬಗೆಯಾಗಿ ಗುರುತಿಸಿದರು. ಅರಬ್ ವಿಜ್ಞಾನದ ಇತಿಹಾಸವನ್ನು ಆಳವಾಗಿ ಅಧ್ಯಯನ ಮಾಡಿದವರೂ ಇದೇ ವೀಡೆಮನ್ ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ನಮ್ಮ ನೆರೆಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಅದೇ ವರ್ಷ ಜರ್ಮನಿಯಲ್ಲಿ, ಮುಂದೆ ಲುಮಿನಾಲ್ ಎಂದು ಹೆಸರಾದ ವಸ್ತು ತಯಾರಾಯಿತು. ಅದು ಬೆಳಗುವ ಬಗೆಯನ್ನು 1928ರಲ್ಲಿ ಆಲ್ಬ್ರೆಕ್ಟ್ ವಿವರಿಸಿದರು. ರಕ್ತದ ಕಲೆಯನ್ನು ಪತ್ತೆ ಹಚ್ಚಲು ಅದನ್ನು ಬಳಸಬಹುದೆಂದು 1937ರಲ್ಲಿ ಶ್ಪೆಕ್ಟ್ ತೋರಿಸಿದರು. ನೀರಿನಲ್ಲಿ ಲುಮಿನಾಲ್ ಚೆನ್ನಾಗಿ ಬೆಳಗಲು ಕ್ಷಾರ, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಒಂದು ಪ್ರಚೋದಕ ಬೇಕು. ರಕ್ತದಲ್ಲಿರುವ ಕಬ್ಬಿಣದ ಸಂಯುಕ್ತವೇ ಆ ಪ್ರಚೋದಕ.

1960ರ ದಶಕದಲ್ಲಿ ಅಮೆರಿಕದ ಎಮಿಲ್ ವೈಟ್ ಮತ್ತು ಸಂಗಡಿಗರು ನೀರಿನ ಬದಲು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರಾವಕವನ್ನು ತೆಗೆದುಕೊಂಡರು. ಅಲ್ಲಿ ಪೆರಾಕ್ಸೈಡೂ ಬೇಕಾಗಲಿಲ್ಲ, ಪ್ರಚೋದಕವೂ ಬೇಕಾಗಲಿಲ್ಲ. ಪ್ರಬಲ ಕ್ಷಾರ ಮತ್ತು ಆಮ್ಲಜನಕವೇ ಸಾಕಾಯಿತು. ನೀಲಿಯಾಗಿದ್ದ ಬೆಳಕು ಹಸಿರಿನತ್ತ ಸರಿಯಿತು. ಆದರೂ ಎರಡು ದ್ರಾವಕಗಳಲ್ಲಿಯೂ ನೂರು ಅಣುಗಳು ವರ್ತಿಸಿದರೆ ಹೊರಬರುವ ಬೆಳಕಿನ ಕಣ ಸುಮಾರು ಒಂದೇ. ದ್ರಾವಕ ಬದಲಾದರೆ ಎಲ್ಲವೂ ಬದಲಾಗುತ್ತದೆ ಎಂದು ಅವಸರಪಡಬಾರದು. ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂದು ಅಳೆದು ನೋಡಬೇಕು.

ದಕ್ಷತೆಯೇ ಬದಲಾದ ಉದಾಹರಣೆಯೂ ಇದೆ. ಥೈರಾಯ್ಡ್ ರಕ್ತಪರೀಕ್ಷೆಯ ವರದಿಯಲ್ಲಿ ‘ಸಿಎಲ್‌ಐಎ’ ಎಂಬ ಅಕ್ಷರಗಳನ್ನು ನೀವು ನೋಡಿರಬಹುದು. ರಾಸಾಯನಿಕ ಬೆಳಕನ್ನು ಅಳೆದು ಹಾರ್ಮೋನಿನ ಪ್ರಮಾಣ ತಿಳಿಯುವ ವಿಧಾನವದು. ಇಂತಹ ಕೆಲವು ಪರೀಕ್ಷೆಗಳಲ್ಲಿ ಡೈಆಕ್ಸಿಟೇನ್ ಎಂಬ ವಸ್ತುಗಳನ್ನು ಬಳಸುತ್ತಾರೆ. 1980ರ ದಶಕದಲ್ಲಿ ಅಮೆರಿಕದ ಪಾಲ್ ಶಾಪ್ ಅವರ ತಂಡ ಇವುಗಳನ್ನು ಬೇಕಾದಾಗ ಬೆಳಗಿಸುವ ದಾರಿ ತೋರಿಸಿತು. ಡೈಮೀಥೈಲ್ ಸಲ್ಫಾಕ್ಸೈಡಿನಲ್ಲಿ ನೂರಕ್ಕೆ ಸುಮಾರು 25 ಅಣುಗಳು ಬೆಳಕು ಕೊಟ್ಟರೆ, ನೀರಿನಲ್ಲಿ ಆ ಪ್ರಮಾಣ ಸಾವಿರಾರು ಪಟ್ಟು ಇಳಿಯಿತು. ಶಕ್ತಿ ತುಂಬಿಕೊಂಡ ಅಣುವನ್ನು ನೀರಿನ ಅಣುಗಳು ಸುತ್ತುವರಿದು, ಬೆಳಕಾಗಬೇಕಿದ್ದ ಶಕ್ತಿಯನ್ನು ಶಾಖವಾಗಿ ಸೆಳೆದುಕೊಳ್ಳುವುದೇ ಇದಕ್ಕೆ ಕಾರಣ.

ಆದರೆ ರಕ್ತಪರೀಕ್ಷೆ ನೀರಿನಲ್ಲಿಯೇ ನಡೆಯಬೇಕಲ್ಲವೇ? ಅದಕ್ಕಾಗಿ ವಿಜ್ಞಾನಿಗಳು ಸಾಬೂನಿನಂತಹ ಅಣುಗಳನ್ನು ಬೆರೆಸಿ, ನೀರಿನ ನಡುವೆಯೇ ನೀರಿಲ್ಲದ ಪುಟ್ಟ ಗೂಡುಗಳನ್ನು ಮಾಡಿದರು. ಆ ಗೂಡಿನೊಳಗೆ ಬೆಳಕು ಉಳಿಯಿತು. 2017ರಲ್ಲಿ ಅಣುವಿನ ರಚನೆಯನ್ನೇ ಬದಲಿಸಿ, ಸಾಬೂನಿನ ನೆರವಿಲ್ಲದೆ ನೀರಿನಲ್ಲಿ ಸಾವಿರಾರು ಪಟ್ಟು ಹೆಚ್ಚು ಬೆಳಗುವ ಡೈಆಕ್ಸಿಟೇನ್‌ಗಳು ಬಂದವು.

ಈಗ ಮತ್ತೆ ಮಿಂಚುಹುಳುವಿನ ಕಡೆಗೆ ಬನ್ನಿ. ಹುಳುವಿನ ದೇಹದಲ್ಲಿಯೂ ನೀರೇ ತುಂಬಿದೆ. ಆದರೆ ಲೂಸಿಫೆರೇಸ್ ಕಿಣ್ವ ತನ್ನೊಳಗಿನ ಪೊಟರೆಯಲ್ಲಿ ಲೂಸಿಫೆರಿನ್ ಅಣುವನ್ನು ಹಿಡಿದು ನೀರಿನಿಂದ ಕಾಪಾಡುತ್ತದೆ. ಮನುಷ್ಯ ಪ್ರಯೋಗಾಲಯದಲ್ಲಿ ಕಲಿತ ಪಾಠ ಹನೂರಿನ ಪೊದೆಯಲ್ಲಿ ಮೊದಲೇ ಇತ್ತು.

ಈ ಹುಳುವಿನ ಬೆಳಕು ಶೇಕಡಾ ನೂರರಷ್ಟು ದಕ್ಷವೆಂಬ ಮಾತು ಬಹಳ ಕಾಲ ಪ್ರಚಾರದಲ್ಲಿತ್ತು. 1960ರಲ್ಲಿ ಸೆಲಿಗರ್ ಮತ್ತು ಮೆಕೆಲ್ರಾಯ್ ಅಳೆದಾಗ ಬಂದ ಅಂಕಿ ಶೇಕಡಾ 88. 2008ರಲ್ಲಿ ಜಪಾನಿನ ವಿಜ್ಞಾನಿಗಳು ಇನ್ನಷ್ಟು ನಿಖರವಾಗಿ ಅಳೆದಾಗ ಅದು ಶೇಕಡಾ 41ಕ್ಕೆ ಇಳಿಯಿತು. ಹುಳು ಬದಲಾಗಿರಲಿಲ್ಲ, ಅಳತೆ ಸುಧಾರಿಸಿತ್ತು. ಅಚ್ಚಾದ ಅಂಕಿಯನ್ನೂ ಮತ್ತೆ ಪರೀಕ್ಷಿಸುವ ಧೈರ್ಯವೇ ವಿದ್ಯೆ.

ವಿದ್ಯಾರ್ಥಿ ಮಿತ್ರರೇ, ಮುಂದಿನ ಪ್ರಯೋಗದಲ್ಲಿ ಸಮೀಕರಣ ಬರೆದ ಮೇಲೆ ಲೇಖನಿ ಕೆಳಗಿಡಬೇಡಿ. ಇದು ಯಾವ ದ್ರಾವಕದಲ್ಲಿ ನಡೆಯಿತು, ಬೇರೆಯದರಲ್ಲಿ ನಡೆದಿದ್ದರೆ ಏನಾಗುತ್ತಿತ್ತು ಎಂದು ನಿಮ್ಮ ಅಧ್ಯಾಪಕರನ್ನು ಕೇಳಿ. ನೂಲು ಬಿಚ್ಚುವವರು ದಿನವೂ ನೀರನ್ನು ನೋಡಿಯೇ ಕೆಲಸಕ್ಕೆ ಕೂರುತ್ತಾರೆ. ನಾವೂ ಅಷ್ಟು ಎಚ್ಚರ ವಹಿಸೋಣ.