ಸ್ಟೀಮ್‌ಪಂಕ್ ಎಂದರೇನು? ಹಾರುವ ಹಡಗುಗಳ ಕಥೆಗೂ ಆನೇಕಲ್‌ಗೂ ಏನು ನಂಟು?

19ನೇ ಶತಮಾನದ ಉಗಿಯಂತ್ರಗಳ ಕಾಲವನ್ನು ಆಧರಿಸಿ, ಅಂದು ಇಲ್ಲದಿದ್ದ ಯಂತ್ರಗಳನ್ನು ಕಲ್ಪಿಸಿ ಬರೆಯುವ ಕಥಾ ಪ್ರಕಾರವೇ 'ಸ್ಟೀಮ್‌ಪಂಕ್'. ಅಮೆರಿಕದ ಲೇಖಕ ಜಿಮ್ ಬುಚರ್ ಅವರ 'ದಿ ಏರೋನಾಟ್ಸ್ ವಿಂಡ್‌ಲಾಸ್' (2015) ಇದಕ್ಕೊಂದು ಉದಾಹರಣೆ. ಈ ಕಾದಂಬರಿಯಲ್ಲಿ ಜನರ ವಾಸ ಮುಗಿಲೆತ್ತರದ ಗೋಪುರಗಳಲ್ಲಿ. ವ್ಯಾಪಾರ, ಯುದ್ಧ ಎಲ್ಲವೂ ಹಾರುವ ಹಡಗುಗಳಲ್ಲಿ.

ಅದೇ ವರ್ಷ ತೆರೆಕಂಡ ಹಿಂದಿ ಚಿತ್ರ 'ಹವಾಯ್‌ಜಾದಾ' ಕೂಡ ಇಂಥದ್ದೇ ಕಲ್ಪನೆ. ಆಯುಷ್ಮಾನ್ ಖುರಾನಾ ಇದರ ನಾಯಕ. 1895ರಲ್ಲಿ, ರೈಟ್ ಸಹೋದರರಿಗಿಂತ ಎಂಟು ವರ್ಷ ಮೊದಲೇ, ಶಿವಕರ್ ಬಾಪೂಜಿ ತಲಪಡೆ ಮುಂಬೈನ ಚೌಪಾಟಿಯಲ್ಲಿ ವಿಮಾನ ಹಾರಿಸಿದ್ದರು ಎಂಬ ಪ್ರತೀತಿಯೇ ಚಿತ್ರದ ಎಳೆ. ಆ ಹಾರಾಟಕ್ಕೆ ಖಚಿತ ಪುರಾವೆಯಿಲ್ಲ.

ತಲಪಡೆ ಜೊತೆ ಕೇಳಿಬರುವ ಮತ್ತೊಂದು ಹೆಸರು ಬೆಂಗಳೂರು ಸಮೀಪದ ಆನೇಕಲ್‌ನ ಸುಬ್ಬರಾಯ ಶಾಸ್ತ್ರಿ. 'ವೈಮಾನಿಕ ಶಾಸ್ತ್ರ'ದ ಶ್ಲೋಕಗಳನ್ನು ಅವರು 1918ರಿಂದ 1923ರ ನಡುವೆ ಹೇಳಿ ಬರೆಸಿದರು. ಅದು ಭರದ್ವಾಜ ಮಹರ್ಷಿಯ ಗ್ರಂಥ ಎಂದು ಹೇಳಲಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ತಜ್ಞರು 1974ರಲ್ಲಿ ಇದನ್ನು ಪರಿಶೀಲಿಸಿದರು. ಗ್ರಂಥ 1904ಕ್ಕಿಂತ ಹಳೆಯದಲ್ಲ. ಅದರಲ್ಲಿನ ಶಕುನ, ಸುಂದರ, ರುಕ್ಮ, ತ್ರಿಪುರ ವಿಮಾನಗಳು ಹಾರಲಾರವು ಎಂಬುದು ಅವರ ತೀರ್ಮಾನ.

ಆದರೂ 2015ರ ಜನವರಿಯಲ್ಲಿ ಮುಂಬೈನ ಭಾರತೀಯ ವಿಜ್ಞಾನ ಕಾಂಗ್ರೆಸ್‌ನಲ್ಲಿ ಈ ಗ್ರಂಥವನ್ನು ಆಧರಿಸಿದ ಪ್ರಬಂಧ ಮಂಡನೆಯಾಗಿ ವಿವಾದವಾಯಿತು. ಬುಚರ್ ಅವರ ಹಡಗು ನಿಜಕ್ಕೂ ಹಾರುತ್ತದೆಯೇ ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಅದು ಕಾದಂಬರಿ. ವಿಜ್ಞಾನ ಎಂದು ಹೇಳಿಕೊಂಡರೆ ಮಾತ್ರ ಪುರಾವೆ ಕೊಡಲೇಬೇಕು.